ನಿಧಾನವೆಲ್ಲ ದುಃಖವಲ್ಲ

ಪದ್ಯಪಾಠದಲ್ಲಿ ಮಾದರಿ ವಾಚನ ಮುಗಿದ ಕೂಡಲೇ ನಮ್ಮ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಈ ಪದ್ಯದ ಭಾವ ಯಾವುದು?” ನಿಧಾನವಾಗಿ ಹಾಡಿದ್ದರೆ ಮಕ್ಕಳು “ದುಃಖ” ಅನ್ನುತ್ತಾರೆ, ಚುರುಕಾಗಿ ಹಾಡಿದ್ದರೆ “ಸಂತೋಷ” ಅನ್ನುತ್ತಾರೆ. ಉತ್ತರ ಕಪ್ಪುಹಲಗೆ ಏರುತ್ತದೆ, ಪಾಠ ಮುಂದೆ ಸಾಗುತ್ತದೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ಶಾಲೆಗಳಲ್ಲಿ ಬೋಧನಾಭ್ಯಾಸ ವೀಕ್ಷಿಸುವಾಗ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಈ ಉತ್ತರವನ್ನು ಅಷ್ಟು ಬೇಗ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ಲಯ ಬೇರೆ, ಸ್ವರ ಬೇರೆ, ಭಾವ ಬೇರೆ. ಮೂರನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದನ್ನು ಮಗುವಿಗೆ ಕಲಿಸಬೇಕು.

ಪಾಶ್ಚಾತ್ಯ ಸಂಗೀತದ ಒಂದು ಉದಾಹರಣೆ ಇಲ್ಲಿ ನೆರವಾಗುತ್ತದೆ. ಅಲ್ಲಿ ಲಯವನ್ನೂ ಸ್ವರದ ನೆಲೆಯನ್ನೂ ಬರೆದಿಡುತ್ತಾರೆ, ಭಾವವನ್ನು ಕೇಳುವವರಿಗೆ ಬಿಡುತ್ತಾರೆ. ಪಿಯಾನೊ ಕನ್ಸರ್ಟೊ ಎಂದರೆ ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ. ಸಾಮಾನ್ಯವಾಗಿ ಅದಕ್ಕೆ ಮೂರು ಭಾಗ, ನಡುವಿನದು ನಿಧಾನ. ಮೊಜಾರ್ಟ್ 1785ರಲ್ಲಿ ಬರೆದ 21ನೆಯ ಕನ್ಸರ್ಟೊದ ನಡುವಿನ ಭಾಗ ಎಫ್ ಮೇಜರ್‌ನಲ್ಲಿದೆ. ಅದು ನಿಧಾನವಾದರೂ ಕೇಳುವವರಿಗೆ ಸಿಗುವುದು ಹೆಚ್ಚಾಗಿ ನೆಮ್ಮದಿ. ಮರುವರ್ಷ ಬರೆದ 23ನೆಯದರ ನಡುವಿನ ಭಾಗ ಎಫ್ ಶಾರ್ಪ್ ಮೈನರ್‌ನಲ್ಲಿದೆ. ಅದೂ ನಿಧಾನವೇ, ಆದರೆ ಎದೆ ಭಾರವಾಗುತ್ತದೆ. ಇನ್ನೂ ಒಂದು ವಿಶೇಷವಿದೆ. ಆ ದುಃಖದ ಭಾಗ ಸಾಗುವುದು ಸಿಸಿಲಿಯಾನೊ ಎಂಬ ತೂಗಾಡುವ ಕುಣಿತದ ನಡೆಯಲ್ಲಿ. ಅದರ ಲಯಸೂಚನೆ ಮೊಜಾರ್ಟನ ಹಸ್ತಪ್ರತಿಯಲ್ಲಿ ‘ಅಡಾಜಿಯೊ’ ಎಂದಿದ್ದರೆ, ಕೆಲವು ಮುದ್ರಣಗಳಲ್ಲಿ ಸ್ವಲ್ಪ ಚುರುಕಾದ ‘ಆಂದಾಂತೆ’ ಎಂದಿದೆ. ಚುರುಕು ಮಾಡಿ ನುಡಿಸಿದ ಮಾತ್ರಕ್ಕೆ ಅದು ಸಂತೋಷದ ಹಾಡಾಗುವುದಿಲ್ಲ.

ಇದನ್ನು ತಿಳಿಯಲು ನಮ್ಮ ಮಕ್ಕಳು ಮೊಜಾರ್ಟನನ್ನೇ ಕೇಳಬೇಕಾಗಿಲ್ಲ. ಈ ಭಾಗದ ಮೊಹರಂನಲ್ಲಿ ರಿವಾಯತ ಪದಗಳನ್ನು ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹೇಳುವುದು ಕರ್ಬಲಾದ ಶೋಕದ ಕಥೆ, ಹಾಕುವುದು ಕುಣಿತದ ಹೆಜ್ಜೆ. ಇನ್ನು ಅವ್ವನ ಜೋಗುಳ ನಿಧಾನವಾಗಿದ್ದರೂ ಮಗುವಿಗೆ ಅದು ದುಃಖವಲ್ಲ, ನಿದ್ದೆ. ಇವನ್ನು ಕೇಳಿ ಬೆಳೆದ ಹುಡುಗಿ ನಿಧಾನದ ಪದ್ಯಕ್ಕೆ “ಸಮಾಧಾನ ಅನಿಸ್ತದರಿ” ಎಂದರೆ ಅದು ಸರಿಯಾದ ಉತ್ತರವೇ. ಅದನ್ನು ಬಿಟ್ಟು “ದುಃಖ” ಎಂದವನಿಗೆ ಚಪ್ಪಾಳೆ ಹೊಡೆಸಿದರೆ, ಆಕೆ ಮುಂದಿನ ಸಲ ಕಿವಿಯನ್ನು ನಂಬುವುದಿಲ್ಲ, ಶಿಕ್ಷಕರ ಮುಖ ನೋಡುತ್ತಾಳೆ. ಪದ್ಯಪಾಠದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ವಿಜ್ಞಾನದ ಪ್ರಯೋಗಕ್ಕೆ ನಾವು ಹೇಳಿಕೊಡುವ ಸೂತ್ರವೇ ಇಲ್ಲಿಯದೂ. ಹಾರ್ಮೋನಿಯಂ ಪೇಟಿಯಲ್ಲಿ ಬಿಳಿ ಒಂದನ್ನು ಷಡ್ಜವಾಗಿ ಹಿಡಿದು ಸ, ರಿ, ಗ, ಪ, ಧ ನುಡಿಸಿ. ಐದೂ ಬಿಳಿ ಮನೆಗಳು, ಅವು ಭೂಪ ರಾಗದ ಸ್ವರಗಳು. ಮೊದಲು ನಾಲ್ಕು ಸಾಲನ್ನು ಈ ಸ್ವರಗಳಲ್ಲಿ ನಿಧಾನವಾಗಿ ಹಾಡಿ, ಆಮೇಲೆ ಅದನ್ನೇ ಚುರುಕಾಗಿ ಹಾಡಿ. ಮೂರನೆಯ ಸಲ ಮತ್ತೆ ಮೊದಲಿನ ನಿಧಾನಕ್ಕೆ ಬನ್ನಿ, ಆದರೆ ಗಾಂಧಾರವನ್ನು ಮಾತ್ರ ಪಕ್ಕದ ಕರಿ ಮನೆಗೆ ಇಳಿಸಿ. ಈಗ ಅವು ಶಿವರಂಜನಿಯ ಸ್ವರಗಳು. ಲಯ ಅದೇ, ಪದಗಳೂ ಅವೇ, ಒಂದು ಸ್ವರ ಮಾತ್ರ ಅರ್ಧ ಮೆಟ್ಟಿಲು ಕೆಳಗಿಳಿದಿದೆ. ತರಗತಿಯ ಮುಖ ಹೇಗೆ ಬದಲಾಗುತ್ತದೆ ನೋಡಿ. ಪ್ರತಿ ಸಲವೂ ಮೊದಲು “ಏನು ಬದಲಾಯಿತು?” ಎಂದು ಕೇಳಿ, “ಏನನ್ನಿಸಿತು?” ಎಂಬುದು ಆಮೇಲೆ. ಪೇಟಿ ಇಲ್ಲದ ಶಾಲೆಯಲ್ಲಿ ಚಪ್ಪಾಳೆಯಿಂದ ಲಯದ ಭಾಗವನ್ನಾದರೂ ಮಾಡಬಹುದು.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ, ನಾವೇನು ಸಂಗೀತ ಶಿಕ್ಷಕರೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಪ್ರಯೋಗಕ್ಕೆ ಬೇಕಾದದ್ದು ಐದಾರು ನಿಮಿಷ. ಇಂಪಾದ ಕಂಠವೂ ಬೇಕಿಲ್ಲ, ಮಕ್ಕಳಿಗೆ ಎಟುಕುವ ಶ್ರುತಿ ಹಿಡಿದರೆ ಸಾಕು. ಸಾರಾಂಶವನ್ನು ಎರಡು ಸಲ ಹೇಳುವ ಬದಲು ಒಂದೇ ಸಲ ಹೇಳಿದರೆ ಆ ಸಮಯ ಸಿಗುತ್ತದೆ.

ಬದಲಾವಣೆ ನಮ್ಮಿಂದಲೂ, ಅಂದರೆ ಬೋಧಕರಿಂದಲೂ, ಆಗಬೇಕು. ನಮ್ಮ ವೀಕ್ಷಣಾ ನಮೂನೆಯಲ್ಲಿ ‘ರಾಗ, ಲಯ, ಭಾವಪೂರ್ಣ ವಾಚನ’ ಎಂಬ ಒಂದೇ ಸಾಲಿದೆ, ಅದಕ್ಕೆ ಒಂದೇ ಅಂಕ. ನಾವೇ ಮೂರನ್ನು ಒಂದು ಮಾಡಿಟ್ಟರೆ ಪ್ರಶಿಕ್ಷಣಾರ್ಥಿ ಬೇರ್ಪಡಿಸುವುದು ಹೇಗೆ? ಅದನ್ನು ಮೂರು ಸಾಲು ಮಾಡೋಣ. ಪಾಠಯೋಜನೆಯಲ್ಲಿ ಪದ್ಯದ ಹೆಸರಿನ ಕೆಳಗೆ, ತಾನು ಆರಿಸಿದ ಧಾಟಿ ಮತ್ತು ಲಯ ಯಾವುದು, ಯಾಕೆ ಎಂದು ಒಂದು ಸಾಲು ಬರೆಯಲಿ.

ಇದು ನಮ್ಮ ಊರಿಗೆ ಹೊಸದೇನಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಹಾಡುಗಳಿಗೆ ರಾಗದ ಹೆಸರು ಕೊಟ್ಟಿದ್ದಾನೆ. ತೊರವಿಯ ಬಳಿ ಆತ ಕಟ್ಟಿಸಿದ ನಗರದ ಹೆಸರೇ ನವರಸಪುರ. ರಸಗಳು ಒಂಬತ್ತು ಎಂದು ಸಾರುವ ಹೆಸರಿನ ಊರು ಪಕ್ಕದಲ್ಲೇ ಇರುವಾಗ, ನಮ್ಮ ತರಗತಿಗಳು ಎರಡೇ ಭಾವಕ್ಕೆ ತೃಪ್ತಿಪಡಬಾರದು.