ಹಳೆಯ ಜೀಪಿನ ಬೆನ್ನೆಲುಬು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಹಳೆಯ ಜೀಪಿಗೆ ಇಂದಿಗೂ ಮನೆಯ ಮಗನ ಮರ್ಯಾದೆಯುಂಟು. ಪಟ್ಟಣದಲ್ಲಿ ನೆಲೆಸಿದವರು ಊರ ತೋಟಕ್ಕೆಂದು ಅಂತಹುದೊಂದನ್ನು ಕೊಳ್ಳಹೊರಟಾಗ, ಮೇಲಿನ ಬಣ್ಣಕ್ಕೆ ಮರುಳಾಗದೆ ಕೆಳಗೆ ಬಗ್ಗಿ ನೋಡಬೇಕು.

ಜೀಪಿನ ಭಾರವನ್ನೆಲ್ಲ ಹೊರುವುದು ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಚಾಸಿ. ಶೃಂಗೇರಿಗೆ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ನಿಜ. ಆದರೆ ಹರಿದುಹೋಗುವ ನೀರಿಗಿಂತ ನಿಂತ ತೇವವೇ ಹೆಚ್ಚು ಕೇಡು. ಚಕ್ರ ಎರಚಿದ ಕೆಸರು, ಕೊಳೆತ ತರಗೆಲೆಗಳು ಮೂಲೆಗಳಲ್ಲಿ ಸೇರಿ, ನೀರಿಳಿಯುವ ರಂಧ್ರಗಳನ್ನು ಮುಚ್ಚಿ, ಮಳೆ ನಿಂತ ಮೇಲೂ ವಾರಗಟ್ಟಲೆ ಒದ್ದೆಯಾಗಿರುತ್ತವೆ. ಅಡಕೆ ತೋಟದವರಿಗೆ ಇನ್ನೊಂದು ಪೀಡೆಯುಂಟು: ಕೊಳೆರೋಗದ ಔಷಧಿಗೆಂದು ಒಯ್ಯುವ ಮೈಲುತುತ್ತ. ಸುಣ್ಣ ಬೆರೆಸುವ ಮುನ್ನ ಅದರ ದ್ರಾವಣವು ಕಬ್ಬಿಣವನ್ನು ಕರಗಿಸಿ, ಆ ಜಾಗದಲ್ಲಿ ತಾಮ್ರವನ್ನು ಅಂಟಿಸುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಅದನ್ನು ಕದಡಬಾರದೆಂಬುದು ಇದಕ್ಕಾಗಿಯೇ. ಜೀಪಿನಲ್ಲಿ ಚೆಲ್ಲಿದ್ದನ್ನು ತೊಳೆಯುವವರು ಮಾತ್ರ ವಿರಳ!

ಚಾಸಿಗೆ ದಪ್ಪನಾಗಿ ಕರಿ ಬಣ್ಣ ಬಳಿದಿದ್ದರೆ ಸಂಶಯವಿರಲಿ. ಸ್ಪ್ರಿಂಗ್ ಕೂಡುವೆಡೆಗಳನ್ನೂ ಹಿಂದಿನ ಅಡ್ಡಪಟ್ಟಿಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ಗಟ್ಟಿ ಉಕ್ಕು ಖಣಿಲೆನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ದನಿಗೊಟ್ಟು ಹಕ್ಕಳೆ ಉದುರಿಸುತ್ತದೆ. ಅದರ ಮೇಲೊಂದು ತಗಡು ಬೆಸೆಯಿಸುವುದು ವ್ಯರ್ಥ. ಕೊಳೆತದ್ದನ್ನು ಕತ್ತರಿಸಿ ತೆಗೆದು, ಗಟ್ಟಿ ಉಕ್ಕಿಗೇ ಬೆಸುಗೆ ಹಾಕಿಸಬೇಕು. ಘಟ್ಟದ ತಿರುವಿನಲ್ಲಿ ಸ್ಪ್ರಿಂಗಿನ ಹಿಡಿ ಕಿತ್ತುಬಂದರೆ ಆಕ್ಸಲ್ ಓರೆಯಾಗಿ, ಜೀಪು ಚಾಲಕನ ಕೈ ಮೀರುತ್ತದೆ.

ಚಾಸಿಯ ಮೇಲೆ ಒತ್ತಿದ ಸಂಖ್ಯೆಯನ್ನೂ ಓದಿಕೊಳ್ಳಿರಿ. 15 ವರ್ಷ ಕಳೆದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಅಧಿಕಾರಿಗಳು ಅದನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ.