ಕನ್ನಡ ಗದ್ಯದಲ್ಲಿ ದೇಹಾಭ್ಯಾಸ: ಓದದೆ ಉಳಿದ ಒಂದು ಶಾಸ್ತ್ರಸಾಹಿತ್ಯ

ಕನ್ನಡ ಸಂಶೋಧನೆಗೆ ದೇಹವೆಂಬುದು ಹೊಸ ವಸ್ತುವಲ್ಲ. ವಚನಗಳಲ್ಲಿನ ಕಾಯದ ಪರಿಕಲ್ಪನೆ, ಸ್ತ್ರೀವಾದಿ ಓದು, ದಲಿತ ಸಾಹಿತ್ಯವು ಎತ್ತಿದ ಅಸ್ಪೃಶ್ಯತೆಯ ಪ್ರಶ್ನೆ ಇವೆಲ್ಲವೂ ದೇಹವನ್ನು ಚರ್ಚೆಯ ಕೇಂದ್ರಕ್ಕೆ ತಂದಿವೆ. ಆದರೆ ಈ ಚರ್ಚೆಯಲ್ಲಿ ಬರುವ ದೇಹ ಬಹುಪಾಲು ರೂಪಕದ ದೇಹ, ಅಧಿಕಾರಸಂಬಂಧಗಳ ದೇಹ. ಬಾಗುವ, ಚಾಚುವ, ಉಸಿರು ಹಿಡಿಯುವ, ದಣಿಯುವ ದೇಹದತ್ತ ಕನ್ನಡ ವಿಭಾಗಗಳ ಗಮನ ಹರಿದದ್ದು ಕಡಿಮೆ. ಅಂಥ ದೇಹವನ್ನು ಕುರಿತ ಗಂಭೀರವಾದ ಕನ್ನಡ ಗದ್ಯ ಇಲ್ಲದಿದ್ದರೆ ಈ ಮಾತಿಗೆ ಅರ್ಥವಿರುತ್ತಿರಲಿಲ್ಲ. ಅದು ಇದೆ.

ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದರು. ಅವರ 'ಯೋಗಮಕರಂದ' 1934ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. 1941ರಲ್ಲಿ 'ಯೋಗಾಸನಗಳು' ಬಂತು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ 'ಯೋಗಮಾಲಾ' ಕೂಡ ಮೊದಲು ಕನ್ನಡದಲ್ಲೇ, 1962ರಲ್ಲಿ, ಅಚ್ಚಾಯಿತು. ಇಂದು ಜಗತ್ತಿನಾದ್ಯಂತ ಅಭ್ಯಾಸದಲ್ಲಿರುವ ಯೋಗಾಸನ ಪದ್ಧತಿಗಳ ಒಂದು ಮುಖ್ಯ ಧಾರೆಯ ಮೂಲಗ್ರಂಥಗಳು ಹೀಗೆ ಕನ್ನಡದವು. ಆದರೆ ವಿದ್ವತ್ ವಲಯದಲ್ಲಿ ವ್ಯಾಪಕವಾಗಿ ಬಳಕೆಯಾಗುವ 'ಯೋಗಮಕರಂದ'ದ ಇಂಗ್ಲಿಷ್ ಅನುವಾದ ಅದರ 1938ರ ತಮಿಳು ಆವೃತ್ತಿಯನ್ನು ಆಧರಿಸಿದ್ದು. ಕನ್ನಡ ಮೂಲ ಚರ್ಚೆಯಿಂದ ಹೊರಗೆ ಉಳಿದಿದೆಯೆಂದರೆ ತಪ್ಪಾಗದು.

ಇವು ಸಾಹಿತ್ಯವಲ್ಲ, ಕೈಪಿಡಿಗಳು ಎಂಬ ಆಕ್ಷೇಪ ಸಹಜವಾಗಿಯೇ ಬರುತ್ತದೆ. ಈ ಆಕ್ಷೇಪ ನಿಲ್ಲುವುದು ಕಷ್ಟ. ಕೀರ್ತಿವರ್ಮನ 'ಗೋವೈದ್ಯ', ಮಂಗರಾಜನ 'ಖಗೇಂದ್ರಮಣಿದರ್ಪಣ', ಮೂರನೆಯ ಮಂಗರಸನ 'ಸೂಪಶಾಸ್ತ್ರ' ಇವುಗಳನ್ನು ಶಾಸ್ತ್ರಸಾಹಿತ್ಯವೆಂಬ ಗೌರವದ ಹೆಸರಿನಲ್ಲಿ ಕನ್ನಡ ವಿಭಾಗಗಳೇ ಪಾಠ ಹೇಳುತ್ತ ಬಂದಿವೆ. ಹಸುವಿನ ರೋಗಕ್ಕೂ ಅಡುಗೆಗೂ ಸಿಕ್ಕ ಸ್ಥಾನ ಉಸಿರಾಟಕ್ಕೆ ಏಕೆ ಸಿಗಲಿಲ್ಲ? ಹಳೆಯದೂ ಪದ್ಯದ್ದೂ ಆದರೆ ಶಾಸ್ತ್ರಸಾಹಿತ್ಯ, ಇಪ್ಪತ್ತನೆಯ ಶತಮಾನದ ಗದ್ಯವಾದರೆ ಕೈಪಿಡಿ ಎಂಬ ಅಘೋಷಿತ ನಿಯಮವೊಂದು ಇಲ್ಲಿ ಕೆಲಸ ಮಾಡುತ್ತಿರುವಂತಿದೆ. (ಕೆ.ವಿ. ಅಯ್ಯರ್ ಅವರ ಪ್ರಸಂಗವೂ ಇದಕ್ಕೆ ಹತ್ತಿರದ್ದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಂಗಸಾಧನೆಯ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದ ಅವರು ಕನ್ನಡಕ್ಕೆ 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಕೊಟ್ಟರು. ಮಾಂಸಖಂಡಗಳನ್ನು ವೃತ್ತಿಯಾಗಿ ಬಲ್ಲ ಲೇಖಕ ನರ್ತಿಸುವ ರಾಣಿಯ ಮೈಯನ್ನು ಹೇಗೆ ಕಾಣುತ್ತಾನೆಂಬುದು ಕೇಳಬೇಕಾದ ಪ್ರಶ್ನೆಯೇ.)

ಕನ್ನಡ ಮೂಲವನ್ನು ಓದುವುದರ ಅಗತ್ಯ ಅಭಿಮಾನದಿಂದ ಹುಟ್ಟಿದ್ದಲ್ಲ. ಆಧುನಿಕ ಆಸನಪದ್ಧತಿಯ ಉಗಮ ಎಲ್ಲಿಯದು ಎಂಬ ವಾಗ್ವಾದದಲ್ಲಿ ಈ ಗ್ರಂಥಗಳು ಸಾಕ್ಷ್ಯವಾಗಿವೆ. ಎನ್.ಇ. ಸ್ಯೋಮನ್ 1996ರಲ್ಲಿ ಮೈಸೂರು ಅರಮನೆಯ ಯೋಗಪರಂಪರೆಯನ್ನು ಅಧ್ಯಯನ ಮಾಡುತ್ತ, ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿನ 122 ಆಸನಗಳ ಚಿತ್ರಗಳನ್ನು ಪ್ರಕಟಿಸಿದರು. ಅರಮನೆಯ ಕಸರತ್ತಿನ ಅಭ್ಯಾಸಗಳೂ ಬೆಂಗಳೂರಿನಲ್ಲಿ 1896ರಲ್ಲಿ ಅಚ್ಚಾದ 'ವ್ಯಾಯಾಮದೀಪಿಕೆ'ಯಂಥ ಪುಸ್ತಕಗಳೂ ಆಸನಪದ್ಧತಿಯೊಳಕ್ಕೆ ಸೇರಿದವೆಂದು ವಾದಿಸಿದರು. ಮಾರ್ಕ್ ಸಿಂಗಲ್‌ಟನ್ 2010ರಲ್ಲಿ ಪಾಶ್ಚಾತ್ಯ ವ್ಯಾಯಾಮ ಚಳವಳಿಗಳ ಪ್ರಭಾವಕ್ಕೆ ಹೆಚ್ಚು ಒತ್ತು ಕೊಟ್ಟರು. ಈ ವಾದಗಳು ಬಹುಮಟ್ಟಿಗೆ ಚಿತ್ರ, ಭಂಗಿ, ಸಂಸ್ಥೆಗಳ ಇತಿಹಾಸ ಇವುಗಳನ್ನು ನೆಚ್ಚಿವೆ. ಭಾಷೆಯ ಸಾಕ್ಷ್ಯ ಬೇರೆಯದು. ರೇಚಕ, ಪೂರಕ, ಕುಂಭಕಗಳ ಸಂಸ್ಕೃತ ಪರಿಭಾಷೆಯ ನಡುವೆ ಲೇಖಕ ಕಾಲನ್ನು ಮಡಿಸು, ಟೊಂಕವನ್ನು ತಿರುಚು, ಅಂಗೈ ಊರು ಎಂದು ಹೇಳಬೇಕಾದಾಗ ಯಾವ ಕನ್ನಡಕ್ಕೆ ಮೊರೆಹೋಗುತ್ತಾನೆ? ಆ ಕ್ರಿಯಾಪದಗಳು ಸಾಮು, ಪಟ್ಟು, ವರಸೆಗಳ ಗರಡಿ ಮಾತಿನವೋ, ವೈದ್ಯಗ್ರಂಥಗಳವೋ, ಶಾಲೆಯ ಡ್ರಿಲ್ ಪಾಠದವೋ? ಇದನ್ನು ಬಿಡಿಸಿ ಹೇಳುವ ಸಾಮರ್ಥ್ಯವಿರುವುದು ಕನ್ನಡ ಭಾಷಾಧ್ಯಯನಕ್ಕೆ. ಇಂಗ್ಲಿಷ್ ಅನುವಾದದಲ್ಲಿ ಮೊದಲು ಅಳಿಸಿಹೋಗುವುದೂ ಈ ಪದರವೇ.

ಕೆಲಸ ಅಷ್ಟು ಸುಲಭದ್ದಲ್ಲ. 'ಯೋಗಮಕರಂದ', 'ಯೋಗಮಾಲಾ'ಗಳ ಮೊದಲ ಮುದ್ರಣಗಳನ್ನು ಆಧರಿಸಿದ ಶಾಸ್ತ್ರೀಯ ಸಂಪಾದನೆ, ಪದಕೋಶ, ಜೊತೆಗೆ ಮೈಸೂರಿನ ಗರಡಿಮನೆಗಳ ಉಸ್ತಾದರ ಮಾತಿನ ಧ್ವನಿಮುದ್ರಣ ಆಗಬೇಕಾಗಿದೆ. ಮೀನಖಂಡ, ಹರಡು, ಹೆಕ್ಕತ್ತು, ಕಿಬ್ಬೊಟ್ಟೆ ಮುಂತಾದ ಪದಗಳು ನಿಘಂಟಿನಲ್ಲಿವೆ ನಿಜ. ಮಟ್ಟಿಯಲ್ಲಿ ನಿಂತು ಶಿಷ್ಯನ ಮೈ ತಿದ್ದುವಾಗ ಅವು ಯಾವ ಕ್ರಿಯಾಪದದೊಡನೆ, ಯಾವ ಲಯದಲ್ಲಿ ಬರುತ್ತವೆಂಬುದು ಯಾವ ನಿಘಂಟಿನಲ್ಲೂ ಸಿಗದು. ಅದನ್ನು ಬಲ್ಲ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.

ಸಂಪಾದನೆಗೆ ಗ್ರಂಥಸಂಪಾದನಾಶಾಸ್ತ್ರವೊಂದೇ ಸಾಲದೆಂಬುದು ಇಲ್ಲಿನ ವಿಶೇಷ. ಹಸ್ತಪ್ರತಿಯ ಕವಿಯನ್ನು ಛಂದಸ್ಸು ತಿದ್ದುತ್ತದೆ. ಆಸನವನ್ನು ವಿವರಿಸುವ ವಾಕ್ಯದಲ್ಲಿ ಅಚ್ಚಿನ ತಪ್ಪಿನಿಂದ ಎಡ ಬಲವಾದರೆ, ಒಂದು ಹಂತ ಬಿಟ್ಟುಹೋದರೆ ಅದು ಗೊತ್ತಾಗುವುದು ಮಾಡಿ ನೋಡಿದವರಿಗೆ. ಕನ್ನಡ ವಿಭಾಗವೂ ದೈಹಿಕ ಶಿಕ್ಷಣ ವಿಭಾಗವೂ ಒಂದೇ ಆವರಣದಲ್ಲಿರುವ ವಿಶ್ವವಿದ್ಯಾನಿಲಯಗಳಲ್ಲಿ ಒಬ್ಬರು ಓದುತ್ತ, ಇನ್ನೊಬ್ಬರು ಮಾಡುತ್ತ ಈ ಪಾಠಗಳನ್ನು ಪರಿಶೀಲಿಸಲು ಹಣದ ಕೊರತೆಯೇನೂ ಅಡ್ಡಬರಲಾರದು.