ಕೆಲಸ ಬಿಟ್ಟು ಬಂದವನಿಗೆ ಊರಲ್ಲಿ ಏನುಂಟು?

ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವೆಲ್ಲ ಕವಿ ಎಂದು ಕರೆದು ಕೈಮುಗಿದುಬಿಡುತ್ತೇವೆ. ಆದರೆ ಅವರ ಮನೆಯ ಒಲೆ ಉರಿದದ್ದು ಕವಿತೆಯಿಂದಲ್ಲ. ಮೊದಲು ಮಂಗಳೂರಿನಲ್ಲಿ ಪತ್ರಿಕೆಗಳಿಗೆ ದುಡಿದರು. ಆಮೇಲೆ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾದರು, 1977ರಲ್ಲಿ ನಿವೃತ್ತರಾಗುವ ತನಕ ಪಾಠ ಹೇಳಿದರು. ನಡುವೆ ತೋಟ, ಬೇಸಾಯ. ಬದಿಯಡ್ಕ ಪಂಚಾಯತಿನ ಅಧ್ಯಕ್ಷಗಿರಿಯೂ ಆಯಿತು. ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೇ ನನ್ನ ದೇವರು’. 2015ರಲ್ಲಿ ನೂರು ತುಂಬಿಸಿಕೊಂಡೇ ಹೊರಟರು.

ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಅವರು ಮಾಷ್ಟ್ರಾಗಿ ಸೇರಿದಾಗ ಕಾಸರಗೋಡು ಮದರಾಸಿನ ಆಡಳಿತದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಶಾಲೆ ಅದೇ, ಕರಿಹಲಗೆ ಅದೇ, ಸಂಬಳವೂ ಮಾಷ್ಟ್ರ ಸಂಬಳವೇ. ಆದರೆ ಗಡಿಯ ಈಚೆ ಉಳಿದುಹೋದ ಮಕ್ಕಳಿಗೆ ಕನ್ನಡ ಕಲಿಸುವುದು ಆ ದಿನದಿಂದ ಬರೀ ನೌಕರಿಯಾಗಿ ಉಳಿಯಲಿಲ್ಲ. ಅರ್ಥವನ್ನು ಹುಡುಕಿಕೊಂಡು ಅವರು ಕೆಲಸ ಬದಲಿಸಿದ್ದಲ್ಲ, ಹಿಡಿದ ಕೆಲಸಕ್ಕೆ ಊರಿನ ಕಷ್ಟ ಬಂದು ಅರ್ಥ ಕೊಟ್ಟಿತು.

ಇದನ್ನು ಯಾಕೆ ಎತ್ತಿದೆನೆಂದರೆ, ಬದಿಯಡ್ಕ ಮೇಲಿನ ಪೇಟೆಯಲ್ಲಿ ಈಚೆಗೆ ಸಿಗುವ ಮೂವತ್ತು ದಾಟಿದ ಹುಡುಗರ ಬಾಯಲ್ಲಿ ಒಂದೇ ಮಾತು. ಬೆಂಗಳೂರಿನ ಕಂಪ್ಯೂಟರ್ ಕೆಲಸ ಸಾಕಾಗಿದೆ, ಇಲ್ಲವೇ ಗಲ್ಫಿನಿಂದ ವಾಪಸು ಬಂದಾಗಿದೆ. “ಅಣ್ಣಾ, ಊರಲ್ಲೇ ಏನಾದ್ರೂ ಮಾಡ್ಲಿಕ್ಕುಂಟಾ? ಮನಸ್ಸಿಗೆ ಒಪ್ಪುವಂಥದ್ದು?” 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿರಸ್ತೆಗೆ ಮಣ್ಣು ಸುರಿದಾಗ, ದಿನಾ ಮಂಗಳೂರಿಗೆ ಹೋಗಿ ದುಡಿಯುತ್ತಿದ್ದ ಎಷ್ಟೋ ಮಂದಿಗೆ ಈ ಪ್ರಶ್ನೆ ರಾತ್ರೋರಾತ್ರಿ ಎದುರಾಗಿತ್ತು. ಈಗ ಯಾರೂ ಮಣ್ಣು ಸುರಿಯದಿದ್ದರೂ ಕೇಳುತ್ತಿದ್ದಾರೆ.

ಅಪ್ಪನ ಅಡಿಕೆ ತೋಟವುಂಟಲ್ಲ, ಅದನ್ನೇ ನೋಡಿಕೊಳ್ಳುತ್ತೇನೆ ಎನ್ನುವವರಿಗೆ ನಾನು ಮೊದಲು ಹೇಳುವುದು ಆಷಾಢದ ಮಾತು. ಫೋಟೋದಲ್ಲಿ ತೋಟ ತಂಪು. ಮಳೆ ಬಿಡದೆ ಹಿಡಿದಾಗ ಕೊಳೆರೋಗ ಬರುತ್ತದೆ. ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು, ಒಂದು ಹೊಳವಿಗಾಗಿ ಆಕಾಶ ನೋಡುತ್ತಾ ಕೂರಬೇಕು. ಹೊಳವು ಬಂದ ದಿನ ಮದ್ದು ಬಿಡುವವನು ಇನ್ನೊಬ್ಬರ ತೋಟದಲ್ಲಿರುತ್ತಾನೆ. ಗೊನೆಗೆ ಮದ್ದು ತಾಗದೆ ಹೋದರೆ ಎಳೆಕಾಯಿ ಬುಡಕ್ಕೆ ಉದುರಿ ಬಿದ್ದು ನಾರುತ್ತದೆ. ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು.

ಆದರೆ ಇದೇ ಕಷ್ಟದೊಳಗೆ ಕೆಲಸವೂ ಉಂಟು. ಮರ ಏರುವವರು ಕಡಿಮೆಯಾದದ್ದರಿಂದಲೇ ನೆಲದಲ್ಲಿ ನಿಂತು ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂತು. ದೋಟಿ ಹಿಡಿಯಬಲ್ಲವನಿಗೆ ಇಲ್ಲಿ ಪುರುಸೊತ್ತಿಲ್ಲ. ಹತ್ತಿರದ ಎಣ್ಮಕಜೆಯ ಶ್ರೀಪಡ್ರೆಯವರನ್ನು ನೋಡಿ. ಕೃಷಿಕರಾಗಿದ್ದುಕೊಂಡೇ ಪತ್ರಕರ್ತರಾದರು. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ದನಕರುಗಳಿಗೆ ಏನು ಮಾಡುತ್ತಿದೆ ಎಂದು ಬಹಳ ಬೇಗ ಬರೆದವರಲ್ಲಿ ಅವರೂ ಒಬ್ಬರು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರ ಕೈಗೇ ಪೆನ್ನು ಕೊಟ್ಟರು. ತೋಟ ಬಿಟ್ಟು ಪೇಟೆಯಲ್ಲಿ ಕೂತಿದ್ದರೆ ಆ ದನಕರುಗಳ ಪಾಡು ಅವರ ಕಣ್ಣಿಗೆ ಬೀಳುತ್ತಿತ್ತೆ?

ಒಬ್ಬನಿಗೆ ಒಂದೇ ಉದ್ಯೋಗ ಎಂಬ ನಿಯಮವಾದರೂ ನಮ್ಮ ಕಡೆ ಯಾವಾಗ ಇತ್ತು? ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುನ್ನಾದಿನ ಕಿರೀಟ ಕಟ್ಟಿ ರಾವಣನಾಗಿದ್ದವನು ಮಳೆಗಾಲವಿಡೀ ಗದ್ದೆಯಲ್ಲೋ ತೋಟದಲ್ಲೋ ಇರುತ್ತಾನೆ, ಚಿಕ್ಕಮೇಳ ಕಟ್ಟಿಕೊಂಡು ಮನೆಮನೆ ತಿರುಗುವವರೂ ಉಂಟು. ತಾನು ಯಾರು ಎಂಬ ಗೊಂದಲ ಅವನಿಗಿಲ್ಲ. ದುಡ್ಡಿನ ತಾಪತ್ರಯ ಮಾತ್ರ ಬೇಕಾದಷ್ಟು, ಅದನ್ನು ಮುಚ್ಚಿಟ್ಟು ಕಲಾವಿದರ ಬದುಕನ್ನು ಹೊಗಳುವುದು ನನಗಾಗದು.

ಹಾಗಾಗಿ ರಾಜೀನಾಮೆ ಬರೆಯಲು ಕೂತವನಿಗೆ ನಾನು ಧೈರ್ಯ ತುಂಬುವುದಿಲ್ಲ. ಕಯ್ಯಾರರಿಗೂ ನಿವೃತ್ತಿಯ ತನಕ ತಿಂಗಳ ಸಂಬಳ ಇತ್ತು. ಕೆಲಸ ಇರುವಾಗಲೇ ಒಂದು ಮಳೆಗಾಲ ರಜೆ ಹಾಕಿ ಬಾ, ನೆರೆಮನೆಯವರ ತೋಟಕ್ಕೂ ಹೋಗು, ಯಾವ ಕೆಲಸಕ್ಕೆ ಎರಡನೇ ಸಲ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ ನೋಡು ಎನ್ನುತ್ತೇನೆ.

ಇಷ್ಟೆಲ್ಲ ಕೇಳಿದ ಹುಡುಗನೊಬ್ಬ ಚಾ ಗ್ಲಾಸು ಕೆಳಗಿಟ್ಟು ಹೇಳಿದ್ದು: “ಅದೆಲ್ಲ ಆದೀತಣ್ಣ. ಆದ್ರೆ ತೋಟದಲ್ಲಿದ್ದೇನೆ ಅಂದ್ರೆ ಹೆಣ್ಣು ಕೊಡುವವರಿಲ್ಲ.” ತೋಟವಿರುವ ನಾವೇ ನಮ್ಮ ಹೆಣ್ಣುಮಕ್ಕಳಿಗೆ ಬೆಂಗಳೂರಿನ ಗಂಡು ಹುಡುಕುತ್ತಿದ್ದೇವಲ್ಲ, ಅವನಿಗೆ ಏನು ಹೇಳುವುದು?